ಬೆಂಜೀನಿನ ಉಂಗುರ: ಶಬ್ದ, ಕಥೆ, ಚಿತ್ರ

೧

ರಸಾಯನಶಾಸ್ತ್ರದ ಒಂದು ವಿಷಯವನ್ನು ಕುರಿತು ಸಾಹಿತ್ಯವಿಮರ್ಶಕನು ಮಾತನಾಡಬಹುದೆ ಎಂದು ವಾಚಕರಲ್ಲಿ ಕೆಲವರು ಶಂಕಿಸಬಹುದು. ವಸ್ತುಗಳ ಗುಣವನ್ನು ನಿರ್ಣಯಿಸುವುದು ಪ್ರಯೋಗಶಾಲೆಯ ಕೆಲಸ. ಅದರಲ್ಲಿ ವಿಮರ್ಶಕನಿಗೆ ಅಧಿಕಾರವಿಲ್ಲ. ಆದರೆ ಆ ಗುಣವನ್ನು ಇತರರಿಗೆ ತಿಳಿಸಲು ಶಾಸ್ತ್ರಜ್ಞನು ಒಂದು ಶಬ್ದವನ್ನು ಆರಿಸಿಕೊಂಡಾಗ, ಒಂದು ಕಥೆಯನ್ನು ಹೇಳಿದಾಗ, ಒಂದು ಚಿತ್ರವನ್ನು ಬರೆದಾಗ ಅವನು ನಮ್ಮ ಸೀಮೆಯೊಳಕ್ಕೆ ಕಾಲಿಟ್ಟಂತಾಯಿತು. ಶಬ್ದಕ್ಕೆ ಎಷ್ಟು ಅರ್ಥ ಸಲ್ಲುತ್ತದೆ, ಕಥೆಯನ್ನು ಎಲ್ಲಿಯವರೆಗೆ ನಂಬಬೇಕು, ಚಿತ್ರದಲ್ಲಿ ಯಾವುದು ವಾಚ್ಯ ಯಾವುದು ಅಲ್ಲ ಎಂಬುದನ್ನು ವಿವೇಚಿಸುವುದು ವಿಮರ್ಶಕನ ನಿತ್ಯದ ವ್ಯವಸಾಯವೇ ಅಲ್ಲವೆ?

ಸಾವಯವ ರಸಾಯನಶಾಸ್ತ್ರದಲ್ಲಿ ‘ಆರೊಮ್ಯಾಟಿಕ್ ಸಂಯುಕ್ತಗಳು’ ಎಂಬ ಒಂದು ದೊಡ್ಡ ಕುಲವುಂಟು. ಬೆಂಜೀನ್ ಈ ಕುಲದ ಮೂಲಪುರುಷ. ಕಲಿಯುವವನು ಈ ಅಧ್ಯಾಯದ ಹೊಸ್ತಿಲಲ್ಲೇ ಮೂರು ವಸ್ತುಗಳನ್ನು ಎದುರುಗೊಳ್ಳುತ್ತಾನೆ: ಪರಿಮಳವನ್ನು ಸೂಚಿಸುವ ಹೆಸರು, ತನ್ನ ಬಾಲವನ್ನು ತಾನೇ ಕಚ್ಚಿದ ಹಾವಿನ ಕನಸು, ಒಂದು ಬಿಟ್ಟು ಒಂದು ಜೋಡಿಗೆರೆಯುಳ್ಳ ಷಟ್ಕೋನದ ಚಿತ್ರ. ಮೂರೂ ಮನೋಹರವಾದುವು, ಮೂರೂ ಅಕ್ಷರಶಃ ಓದಿದವನನ್ನು ದಾರಿ ತಪ್ಪಿಸತಕ್ಕವು. ವಿಷಯವು ಕಠಿನವೆಂದು ವಿದ್ಯಾರ್ಥಿಗಳು ಹೇಳುವಾಗ, ಆ ಕಾಠಿನ್ಯದ ಬಹುಭಾಗವು ವಸ್ತುವಿನಲ್ಲಿಲ್ಲ, ಓದುವ ಕ್ರಮದಲ್ಲಿದೆ ಎಂಬುದೇ ಈ ಲೇಖನದ ಪ್ರತಿಪಾದ್ಯ. ಕನ್ನಡದಲ್ಲಿ ಶಾಸ್ತ್ರವನ್ನು ಬೋಧಿಸಬೇಕೆಂದಿರುವವರಿಗೆ ಇದು ಉಪೇಕ್ಷಿಸತಕ್ಕ ಮಾತಲ್ಲ.

೨

ಮೊದಲು ಶಬ್ದವನ್ನು ನೋಡೋಣ. ೧೮೨೫ರಲ್ಲಿ ಮೈಕೆಲ್ ಫ್ಯಾರಡೆ ಲಂಡನ್ನಿನಲ್ಲಿ ದೀಪದ ಅನಿಲವನ್ನು ಒತ್ತಿ ತುಂಬುವಾಗ ಉಳಿಯುತ್ತಿದ್ದ ಎಣ್ಣೆಯಂಥ ದ್ರವದಿಂದ ಒಂದು ಹೊಸ ವಸ್ತುವನ್ನು ಬೇರ್ಪಡಿಸಿದನು. ೧೮೩೩ರಲ್ಲಿ ಜರ್ಮನಿಯ ಮಿಚರ್ಲಿಖ್ ಅದೇ ವಸ್ತುವನ್ನು ಬೆಂಜೋಯಿಕ್ ಆಮ್ಲವನ್ನು ಸುಣ್ಣದೊಡನೆ ಕಾಸಿ ಪಡೆದನು. ಆ ಆಮ್ಲಕ್ಕೆ ಹೆಸರು ಬಂದದ್ದು ಬೆಂಜಾಯಿನ್ ಎಂಬ ಅಂಟಿನಿಂದ. ಆ ಅಂಟು ಬೇರೆ ಯಾವುದೂ ಅಲ್ಲ, ನಮ್ಮ ಪೇಟೆಗಳಲ್ಲಿ ಲೋಬಾನವೆಂದು ಮಾರುವ ಧೂಪದ್ರವ್ಯವೇ. ಅರಬ್ಬೀ ವರ್ತಕರು ಇದನ್ನು ‘ಲುಬಾನ್ ಜಾವಿ’, ಎಂದರೆ ಜಾವಾದ ಧೂಪ, ಎಂದು ಕರೆದರು. ಯೂರೋಪಿನವರ ಬಾಯಲ್ಲಿ ಮೊದಲ ಅಕ್ಷರ ಉದುರಿ, ಉಳಿದುದು ಸವೆದು ಬೆಂಜಾಯಿನ್ ಆಯಿತು. ಅದರಿಂದ ಬೆಂಜೋಯಿಕ್, ಅದರಿಂದ ಬೆಂಜೀನ್. ಅದೇ ಪದದ ಮೊದಲರ್ಧವನ್ನು ನಾವು ಲೋಬಾನವೆಂದು ಉಳಿಸಿಕೊಂಡೆವು. ಹೀಗೆ ಒಂದೇ ಶಬ್ದದ ಎರಡು ತುಣುಕುಗಳಲ್ಲಿ ಒಂದು ದೇವರ ಮನೆಯನ್ನೂ ಇನ್ನೊಂದು ಪ್ರಯೋಗಶಾಲೆಯನ್ನೂ ಸೇರಿತು.

ಲೋಬಾನದ ಆಮ್ಲ, ಕಹಿ ಬಾದಾಮಿಯ ತೈಲ, ದಾಲ್ಚಿನ್ನಿಯ ತೈಲ, ಇಂಥವುಗಳಿಂದ ದೊರೆತ ವಸ್ತುಗಳು ಒಂದಕ್ಕೊಂದು ಬಂಧುಗಳೆಂದು ೧೯ನೆಯ ಶತಮಾನದ ಶಾಸ್ತ್ರಜ್ಞರಿಗೆ ಕಂಡಿತು. ೧೮೫೫ರಲ್ಲಿ ಹಾಫ್‌ಮನ್ ಈ ಬಗೆಯ ಆಮ್ಲಗಳ ವರ್ಗಕ್ಕೆ ‘ಆರೊಮ್ಯಾಟಿಕ್’ ಎಂಬ ಹೆಸರನ್ನು ಬಳಸಿದನು. ಆಗ ಈ ಹೆಸರಿನಲ್ಲಿ ಅವಯವಾರ್ಥವು ಇನ್ನೂ ಜೀವಂತವಾಗಿತ್ತು. ಕಾಲಕ್ರಮದಲ್ಲಿ ಬಂಧುತ್ವದ ನಿಜವಾದ ಕಾರಣವು ವಾಸನೆಯಲ್ಲಿಲ್ಲ, ಅಣುವಿನ ರಚನೆಯಲ್ಲಿದೆ ಎಂದು ತಿಳಿಯಿತು. ಹೆಸರು ಮಾತ್ರ ನಿಂತಿತು. ನಮ್ಮ ಆಲಂಕಾರಿಕರು ರೂಢಿಲಕ್ಷಣೆಗೆ ಕೊಡುವ ‘ಕುಶಲ’ ಶಬ್ದದ ಉದಾಹರಣೆ ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಕುಶವನ್ನು ಕೊಯ್ಯುವವನು ಎಂಬುದು ಅದರ ಮೊದಲಿನ ಅರ್ಥವೆಂದು ಅವರು ಹೇಳುವರು. ಆದರೆ ಕುಶಲನಾದ ವೀಣೆಗಾರನ ಕೈಯಲ್ಲಿ ಯಾರೂ ದರ್ಭೆಯನ್ನು ಹುಡುಕುವುದಿಲ್ಲ. ಹಾಗೆಯೇ ಆರೊಮ್ಯಾಟಿಕ್ ವಸ್ತುವಿನಲ್ಲಿ ಪರಿಮಳವನ್ನು ಹುಡುಕತಕ್ಕದ್ದಲ್ಲ.

ಹುಡುಕಿದರೆ ಏನಾಗುತ್ತದೆ? ಲವಂಗದ ಯೂಜಿನಾಲ್, ಓಮದ ಥೈಮಾಲ್, ಮಲ್ಲಿಗೆಯ ಬೆಂಜೈಲ್ ಅಸಿಟೇಟ್, ಇವು ಪರಿಮಳವುಳ್ಳವೂ ಹೌದು, ಶಾಸ್ತ್ರಾರ್ಥದಲ್ಲಿ ಆರೊಮ್ಯಾಟಿಕ್ಕೂ ಹೌದು. ಆದರೆ ಕರ್ಪೂರವು ಆರೊಮ್ಯಾಟಿಕ್ ಅಲ್ಲ. ಗುಲಾಬಿಯ ಜೆರಾನಿಯಾಲ್ ಅಲ್ಲ. ೧೯೧೬ರಿಂದ ಮೈಸೂರಿನ ಸರ್ಕಾರೀ ಕಾರ್ಖಾನೆಯಲ್ಲಿ ಬಟ್ಟಿಯಿಳಿಸಿ ಲೋಕಕ್ಕೆಲ್ಲ ಕಳುಹಿಸಿದ ಶ್ರೀಗಂಧದ ಎಣ್ಣೆಯ ಮುಖ್ಯಾಂಶವಾದ ಸ್ಯಾಂಟಲಾಲ್ ಕೂಡ ಅಲ್ಲ. ಗಂಧವೆಂಬ ಹೆಸರನ್ನೇ ಹೊತ್ತ ಮರದ ಸಾರವು ಈ ಕುಲಕ್ಕೆ ಹೊರಗು! ಇತ್ತ ವಾಸನೆಯೇ ಇಲ್ಲದ ಆಸ್ಪಿರಿನ್ ಒಳಗಿದೆ. ಮೂಗು ಮುಚ್ಚಿಸುವ ಪಿರಿಡೀನ್ ಒಳಗಿದೆ. ಕುಲಪತಿಯಾದ ಬೆಂಜೀನಿನ ವಾಸನೆಯನ್ನು ಆಘ್ರಾಣಿಸುವುದಂತು ಅಪಾಯಕರ. ಅದು ರಕ್ತದ ಅರ್ಬುದರೋಗಕ್ಕೆ ಕಾರಣವಾಗತಕ್ಕ ವಿಷವೆಂದು ಸಿದ್ಧವಾಗಿದೆ.

ಆದುದರಿಂದ ಕನ್ನಡದಲ್ಲಿ ಈ ವರ್ಗವನ್ನು ‘ಸುಗಂಧಿ’ ಎಂದೋ ‘ಸೌರಭಯುಕ್ತ’ ಎಂದೋ ಭಾಷಾಂತರಿಸಿದರೆ ಸತ್ತ ಅರ್ಥಕ್ಕೆ ಮತ್ತೆ ಪ್ರಾಣ ಕೊಟ್ಟಂತಾಗುವುದು. ಇದಕ್ಕೆ ಒಂದು ಬಲವಾದ ಆಕ್ಷೇಪವುಂಟು. ‘ಆಮ್ಲಜನಕ’ ಎಂಬ ಶಬ್ದವೂ ಅವಯವಾರ್ಥದಲ್ಲಿ ತಪ್ಪೇ. ಎಲ್ಲ ಆಮ್ಲಗಳಿಗೂ ಅದೇ ಜನಕವೆಂಬ ಲವಾಸಿಯೆಯ ಮತವು ೧೮೧೦ರಲ್ಲಿ ಡೇವಿಯು ಕ್ಲೋರಿನ್ನು ಒಂದು ಮೂಲವಸ್ತುವೆಂದು ತೋರಿಸಿದಾಗಲೇ ಬಿದ್ದುಹೋಯಿತು. ಆದರೂ ಕನ್ನಡಿಗರು ಆ ಶಬ್ದವನ್ನು ಸುಖವಾಗಿ ಬಳಸುತ್ತಿದ್ದಾರೆ. ‘ಸುಗಂಧಿ’ಗೆ ಮಾತ್ರ ಏಕೆ ಅಡ್ಡಿ? ಉತ್ತರವಿದು: ‘ಆಮ್ಲಜನಕ’ವೆಂಬ ಮಾತಿಗೆ ಲೋಕವ್ಯವಹಾರದಲ್ಲಿ ಬೇರೆ ಪ್ರಯೋಗವಿಲ್ಲ, ಅದು ಹುಟ್ಟಿದಂದಿನಿಂದ ಶಾಸ್ತ್ರದ ಸೊತ್ತು. ‘ಸುಗಂಧಿ’ಯಾದರೋ ಮನೆಯಲ್ಲಿ, ಕಾವ್ಯದಲ್ಲಿ, ಪೂಜೆಯಲ್ಲಿ ದಿನವೂ ಬಳಕೆಯಾಗುವ ಮಾತು. ಜೀವಂತವಾದ ಶಬ್ದವನ್ನು ತಂದು ಅದರ ಅರ್ಥವನ್ನು ಮರೆಯಿರಿ ಎಂದರೆ ಕೇಳುವವರಾರು? ತಪ್ಪಾದ ಅವಯವಾರ್ಥವು ಮೌನವಾಗಿದ್ದರೆ ಬಾಧಕವಲ್ಲ, ಮಾತನಾಡುತ್ತಿದ್ದರೆ ಬಾಧಕ.

೩

ಇನ್ನು ಕಥೆ. ಬೆಂಜೀನಿನಲ್ಲಿ ಆರು ಇಂಗಾಲದ ಪರಮಾಣುಗಳೂ ಆರು ಜಲಜನಕದ ಪರಮಾಣುಗಳೂ ಇವೆ. ಇಂಗಾಲವು ನಾಲ್ಕು ಬಂಧಗಳನ್ನು ಮಾಡತಕ್ಕದ್ದೆಂದು ೧೮೫೮ರಲ್ಲಿ ಕೆಕುಲೆ ಮತ್ತು ಕೂಪರ್ ಬೇರೆಬೇರೆಯಾಗಿ ಪ್ರತಿಪಾದಿಸಿದ್ದರು. ಆ ಲೆಕ್ಕದಲ್ಲಿ ಬೆಂಜೀನಿಗೆ ಜಲಜನಕವು ಬಹಳ ಕಡಮೆ. ಹೀಗೆ ಕೊರತೆಯುಳ್ಳ ವಸ್ತುಗಳು ಬ್ರೋಮಿನ್ನನ್ನು ಕಂಡೊಡನೆ ಸೇರಿಸಿಕೊಳ್ಳುವುವು. ಬೆಂಜೀನ್ ಹಾಗೆ ಮಾಡುವುದಿಲ್ಲ. ಕಬ್ಬಿಣದ ಸಹಾಯದಿಂದ ಒತ್ತಾಯಿಸಿದರೂ ಅದು ಒಂದು ಜಲಜನಕವನ್ನು ಹೊರಗೆ ಕಳುಹಿಸಿ ಆ ಸ್ಥಾನದಲ್ಲಿ ಒಂದು ಬ್ರೋಮಿನ್ನನ್ನು ಕೂರಿಸಿಕೊಳ್ಳುವುದೇ ಹೊರತು ತನ್ನ ಮೂಲರಚನೆಯನ್ನು ಬಿಟ್ಟುಕೊಡದು. ಕೊರತೆಯಿದ್ದೂ ತೃಪ್ತಿ: ಇದೇ ಒಗಟು.

೧೮೬೫ರಲ್ಲಿ ಕೆಕುಲೆ ಪ್ಯಾರಿಸಿನ ರಾಸಾಯನಿಕ ಸಂಘದ ಪತ್ರಿಕೆಯಲ್ಲಿ ಈ ಒಗಟಿಗೆ ಉತ್ತರ ಕೊಟ್ಟನು: ಆರು ಇಂಗಾಲಗಳೂ ಒಂದು ಮುಚ್ಚಿದ ಸರಪಣಿ. ಆ ಲೇಖನದಲ್ಲಿ ಕನಸಿನ ಸುದ್ದಿಯೇ ಇಲ್ಲ. ಕನಸು ಪ್ರಸಿದ್ಧವಾದದ್ದು ೨೫ ವರ್ಷಗಳ ಮೇಲೆ, ೧೮೯೦ನೆಯ ಮಾರ್ಚ್ ೧೧ರಂದು ಬರ್ಲಿನ್ ನಗರದಲ್ಲಿ ಅವನ ಗೌರವಾರ್ಥವಾಗಿ ನಡೆದ ಉತ್ಸವದ ಭಾಷಣದಿಂದ. ಘೆಂಟ್ ನಗರದಲ್ಲಿದ್ದಾಗ ಪಠ್ಯಗ್ರಂಥವನ್ನು ಬರೆಯುತ್ತ ಕುಳಿತವನು ಕುರ್ಚಿಯನ್ನು ಬೆಂಕಿಯ ಕಡೆಗೆ ತಿರುಗಿಸಿ ತೂಕಡಿಸಿದನೆಂದೂ, ಪರಮಾಣುಗಳ ಸಾಲುಗಳು ಹಾವುಗಳಂತೆ ಕುಣಿದುವೆಂದೂ, ಒಂದು ಹಾವು ತನ್ನ ಬಾಲವನ್ನೇ ಹಿಡಿದು ಸುತ್ತಿತೆಂದೂ, ಎಚ್ಚತ್ತು ಉಳಿದ ರಾತ್ರಿಯನ್ನು ಆ ಕಲ್ಪನೆಯ ಫಲಗಳನ್ನು ವಿಚಾರಿಸುವುದರಲ್ಲಿ ಕಳೆದೆನೆಂದೂ ಅವನು ಹೇಳಿದನು.

ಈ ಕಥೆ ನಿಜವೋ ಅಲ್ಲವೋ ಎಂಬ ವಾದವು ಈಗಲೂ ಉಂಟು. ೧೮೬೧ರಲ್ಲಿಯೇ ವಿಯೆನ್ನಾದ ಲೋಷ್‌ಮಿಟ್ ತನ್ನ ಪುಸ್ತಕದಲ್ಲಿ ಬೆಂಜೀನನ್ನು ಒಂದು ವೃತ್ತದಿಂದ ಗುರುತಿಸಿದ್ದನು. ೧೮೮೬ರಲ್ಲಿ ಜರ್ಮನ್ ರಸಾಯನಜ್ಞರು ತಮ್ಮ ಪತ್ರಿಕೆಯನ್ನೇ ಅಣಕಿಸಿ ಹೊರಡಿಸಿದ ಒಂದು ವಿನೋದಸಂಚಿಕೆಯಲ್ಲಿ ಆರು ಕೋತಿಗಳು ಒಂದನ್ನೊಂದು ಹಿಡಿದು ಉಂಗುರವಾಗಿ ನಿಂತ ಚಿತ್ರವಿತ್ತು. ಇಂಥವನ್ನು ಮುಂದಿಟ್ಟು ೧೯೮೦ರ ದಶಕದಲ್ಲಿ ಜಾನ್ ವೋಟಿಜ್ ಮೊದಲಾದವರು ಕನಸು ಕಟ್ಟುಕಥೆಯಿರಬೇಕೆಂದರು. ಅಲನ್ ರಾಕ್ ಎಂಬ ಇತಿಹಾಸಕಾರರು ೨೦೧೦ರ ತಮ್ಮ ಗ್ರಂಥದಲ್ಲಿ ಕೆಕುಲೆಯ ಪಕ್ಷವನ್ನು ಹಿಡಿದರು.

ವಿಮರ್ಶೆಯ ದೃಷ್ಟಿಯಿಂದ ಈ ವಾದವು ಮುಖ್ಯವಲ್ಲ. ಕ್ರೌಂಚವಧೆಯನ್ನು ಕಂಡ ಶೋಕವು ಶ್ಲೋಕವಾಯಿತೆಂಬ ವೃತ್ತಾಂತವನ್ನು ನಾವು ಭಕ್ತಿಯಿಂದ ಕೇಳುತ್ತೇವೆ. ಆದರೆ ರಾಮಾಯಣದ ಯೋಗ್ಯತೆಗೆ ಅದನ್ನು ಪ್ರಮಾಣವಾಗಿ ಯಾರೂ ಕೊಡುವುದಿಲ್ಲ. ಹುಟ್ಟಿದ ಬಗೆ ಬೇರೆ, ನಿಲ್ಲುವ ಬಲ ಬೇರೆ. ಕೆಕುಲೆಗೂ ಈ ವಿವೇಕವಿತ್ತು. ಕನಸು ಕಾಣಲು ಕಲಿಯೋಣ ಎಂದ ಮಾತಿನ ಬೆನ್ನಿಗೇ, ಎಚ್ಚರದ ಬುದ್ಧಿಯು ಪರೀಕ್ಷಿಸುವ ತನಕ ಆ ಕನಸನ್ನು ಪ್ರಕಟಿಸಬಾರದು ಎಂದು ಅವನು ಕಟ್ಟು ಹಾಕಿದನು. ಲೋಕವು ಮೊದಲರ್ಧವನ್ನು ಕಂಠಪಾಠ ಮಾಡಿ ಎರಡನೆಯ ಅರ್ಧವನ್ನು ಬಿಟ್ಟಿತು.

ಆ ಎಚ್ಚರದ ಕೆಲಸ ಯಾವುದು? ಆರು ಸ್ಥಾನಗಳೂ ಸಮಾನವಾದರೆ ಒಂದು ಜಲಜನಕವನ್ನು ಬದಲಿಸಿದಾಗ ಒಂದೇ ವಸ್ತು ದೊರೆಯಬೇಕು. ಎರಡನ್ನು ಬದಲಿಸಿದರೆ ಮೂರು ಸಮಾಂಗಿಗಳು ದೊರೆಯಬೇಕು. ಘೆಂಟಿನಲ್ಲಿ ಕೆಕುಲೆಯ ಸಹಾಯಕನಾಗಿದ್ದ ಕೋರ್ನರ್ ೧೮೭೪ರಲ್ಲಿ ಈ ತರ್ಕವನ್ನು ಪೂರ್ಣಗೊಳಿಸಿದನು. ಮೂರು ಬಗೆಯ ಡೈಬ್ರೋಮೊಬೆಂಜೀನುಗಳಿಗೆ ಮೂರನೆಯ ಬದಲಿಯನ್ನು ಸೇರಿಸಿದರೆ ಒಂದರಿಂದ ಎರಡು, ಇನ್ನೊಂದರಿಂದ ಮೂರು, ಮತ್ತೊಂದರಿಂದ ಒಂದೇ ವಸ್ತು ಹುಟ್ಟಬೇಕು. ಈ ಎಣಿಕೆಯಿಂದಲೇ ಯಾವುದು ಯಾವ ಸ್ಥಾನದ್ದೆಂದು ಗುರುತಿಸಬಹುದಾಯಿತು. ಸೀಸೆಗಳನ್ನು ಎಣಿಸಿ ಕಣ್ಣಿಗೆ ಕಾಣದ ಅಣುವಿನ ಆಕೃತಿಯನ್ನು ನಿರ್ಣಯಿಸಿದ ಈ ಕಾರ್ಯವು ಹಾವಿನ ಕನಸಿಗಿಂತ ಅದ್ಭುತವಾದುದು. ಆದರೂ ಕನಸಿಗಿರುವ ಖ್ಯಾತಿ ಇದಕ್ಕಿಲ್ಲ.

ಹಾವಿನ ಪ್ರತಿಮೆಗೆ ಇನ್ನೂ ದೊಡ್ಡ ಕೊರತೆಯೊಂದುಂಟು. ಅದು ಉಂಗುರವನ್ನು ಹೇಳುತ್ತದೆ. ಆರೊಮ್ಯಾಟಿಕ್ ಗುಣವನ್ನು ಹೇಳುವುದಿಲ್ಲ. ೧೯೧೧ರಲ್ಲಿ ವಿಲ್‌ಸ್ಟೆಟರ್ ಎಂಟು ಇಂಗಾಲಗಳ ಒಂದು ಉಂಗುರವನ್ನು ಸಿದ್ಧಪಡಿಸಿದನು. ಅದರಲ್ಲಿಯೂ ಬೆಂಜೀನಿನಂತೆಯೇ ಏಕಬಂಧ ದ್ವಿಬಂಧಗಳು ಒಂದು ಬಿಟ್ಟು ಒಂದರಂತೆ ಬರುತ್ತವೆ. ಆದರೆ ಅದು ಬ್ರೋಮಿನ್ನನ್ನು ಸುಲಭವಾಗಿ ಸೇರಿಸಿಕೊಂಡಿತು; ಅದರಲ್ಲಿ ಆ ತೃಪ್ತಿಯಿಲ್ಲ. ಈ ಹಾವೂ ಬಾಲವನ್ನು ಕಚ್ಚಿದೆ. ಆದರೆ ಅದು ಆರೊಮ್ಯಾಟಿಕ್ ಅಲ್ಲ. ಕಾರಣವನ್ನು ೧೯೩೧ರಲ್ಲಿ ಹ್ಯೂಕೆಲ್ ಗಣಿತದಿಂದ ತೋರಿಸಿದನು. ಸಮತಲದ ಉಂಗುರದಲ್ಲಿ ಎಲ್ಲ ಪರಮಾಣುಗಳಿಗೂ ಸಾಮಾನ್ಯವಾಗಿ ಹರಡಿಕೊಂಡಿರುವ ಎಲೆಕ್ಟ್ರಾನುಗಳ ಸಂಖ್ಯೆ ೨, ೬, ೧೦, ೧೪ ಹೀಗೆ ನಾಲ್ಕರ ಗುಣಕಕ್ಕೆ ಎರಡನ್ನು ಕೂಡಿಸಿದಂತಿದ್ದರೆ ವಿಶೇಷ ಸ್ಥಿರತೆಯುಂಟಾಗುತ್ತದೆ. ಬೆಂಜೀನಿನಲ್ಲಿ ಆರು, ಸರಿ. ಎಂಟರ ಉಂಗುರದಲ್ಲಿ ಎಂಟು, ಸರಿಯಲ್ಲ. ಸಂಖ್ಯೆಯೇ ಇಲ್ಲಿ ಪ್ರಾಣ. ಹಾವಿಗೆ ಎಣಿಕೆ ತಿಳಿಯದು. ಅಧ್ಯಾಯವನ್ನು ಕನಸಿನಿಂದ ಆರಂಭಿಸುವ ಅಧ್ಯಾಪಕನು ರಸವತ್ತಾಗಿ ಆರಂಭಿಸಿದನೆನ್ನಬಹುದು; ಕನಸಿನಿಂದಲೇ ಮುಗಿಸಿದರೆ ವಿಷಯವನ್ನು ಹೇಳಲೇ ಇಲ್ಲವೆನ್ನಬೇಕು.

೪

ಮೂರನೆಯದು ಚಿತ್ರ. ಷಟ್ಕೋನದಲ್ಲಿ ಮೂರು ಭುಜಗಳಿಗೆ ಒಂದೊಂದು ಗೆರೆ, ಮೂರಕ್ಕೆ ಎರಡೆರಡು. ಇದು ಅಕ್ಷರಶಃ ನಿಜವಾದರೆ ಅಕ್ಕಪಕ್ಕದ ಎರಡು ಸ್ಥಾನಗಳನ್ನು ಬದಲಿಸಿದಾಗ, ನಡುವಿನ ಭುಜ ಒಂಟಿಯೋ ಜೋಡಿಯೋ ಎಂಬುದರ ಮೇಲೆ, ಎರಡು ಬೇರೆ ವಸ್ತುಗಳಾಗಬೇಕು. ೧೮೬೯ರಲ್ಲಿ ಲಾಡೆನ್‌ಬರ್ಗ್ ಈ ಆಕ್ಷೇಪವನ್ನು ಎತ್ತಿದನು. ದೊರೆಯುವುದು ಮಾತ್ರ ಒಂದೇ ವಸ್ತು. ೧೮೭೨ರಲ್ಲಿ ಕೆಕುಲೆ, ಬಂಧಗಳು ಎಡೆಬಿಡದೆ ಸ್ಥಾನ ಬದಲಿಸುತ್ತಿರುವುವು, ಆದುದರಿಂದ ಭೇದವು ಕಾಣಿಸುವುದಿಲ್ಲ ಎಂದು ಸಮಾಧಾನ ಹೇಳಿದನು.

ಈ ಸಮಾಧಾನವು ಬಹುಕಾಲ ಸಾಕೆನಿಸಿತು. ಆದರೆ ಅದು ಸರಿಯಲ್ಲ. ೧೯೨೯ರಲ್ಲಿ ಕ್ಯಾಥಲೀನ್ ಲಾನ್ಸ್‌ಡೇಲ್ ಎಂಬ ವಿದುಷಿ ಕ್ಷಕಿರಣಗಳಿಂದ ಪರೀಕ್ಷಿಸಿ ಹೆಕ್ಸಾಮೀಥೈಲ್‌ಬೆಂಜೀನಿನ ಉಂಗುರವು ಸಮತಲದ ಷಟ್ಕೋನವೆಂದು ಸ್ಥಾಪಿಸಿದರು. ಬೆಂಜೀನಿನಲ್ಲಿ ಇಂಗಾಲದಿಂದ ಇಂಗಾಲಕ್ಕಿರುವ ದೂರವು ಎಲ್ಲ ಭುಜಗಳಲ್ಲಿಯೂ ಸುಮಾರು ೧.೩೯ ಆಂಗ್‌ಸ್ಟ್ರಾಮ್, ಒಂದು ಆಂಗ್‌ಸ್ಟ್ರಾಮ್ ಎಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಪಾಲು. ಸಾಮಾನ್ಯ ಏಕಬಂಧವು ೧.೫೪, ದ್ವಿಬಂಧವು ೧.೩೪. ಬೆಂಜೀನಿನ ಬಂಧವು ಎರಡರಲ್ಲಿ ಯಾವುದೂ ಅಲ್ಲ. ಒಮ್ಮೆ ಅದು ಒಮ್ಮೆ ಇದು ಆಗುವುದೂ ಇಲ್ಲ. ಅದು ತಾನೇ ಒಂದು ಮೂರನೆಯ ಬಗೆ. ಶಾಖದ ಲೆಕ್ಕವೂ ಇದನ್ನೇ ಹೇಳುತ್ತದೆ. ಒಂದೇ ದ್ವಿಬಂಧವುಳ್ಳ ಸೈಕ್ಲೊಹೆಕ್ಸೀನಿಗೆ ಜಲಜನಕವನ್ನು ಸೇರಿಸಿದಾಗ ಒಂದು ಮೋಲಿಗೆ ಸುಮಾರು ೨೮.೬ ಕಿಲೊಕ್ಯಾಲೊರಿ ಶಾಖವು ಹೊರಬೀಳುತ್ತದೆ. ಚಿತ್ರದಲ್ಲಿ ಕಾಣುವಂತೆ ಬೆಂಜೀನಿನಲ್ಲಿ ಮೂರು ದ್ವಿಬಂಧಗಳಿದ್ದರೆ ಸುಮಾರು ೮೫.೮ ಬರಬೇಕು, ಬರುವುದು ೪೯.೮ ಮಾತ್ರ. ಸುಮಾರು ೩೬ ಕಿಲೊಕ್ಯಾಲೊರಿಯ ಈ ಅಂತರವೇ ಮೇಲೆ ಹೇಳಿದ ತೃಪ್ತಿಯ ಅಳತೆ.

ಹಾಗಾದರೆ ಎರಡು ಬಗೆಯಾಗಿ ಬರೆಯುವ ಆ ಷಟ್ಕೋನಗಳಿಗೆ ಅರ್ಥವೇನು? ೧೯೩೦ರ ದಶಕದಲ್ಲಿ ಲೈನಸ್ ಪೌಲಿಂಗ್ ಮೊದಲಾದವರು ಕೊಟ್ಟ ಉತ್ತರಕ್ಕೆ ಇಂಗ್ಲಿಷಿನಲ್ಲಿ ರೆಸೊನೆನ್ಸ್ ಎಂದು ಹೆಸರು. ಕನ್ನಡದಲ್ಲಿ ಅದನ್ನು ಅನುರಣನ ಎನ್ನುತ್ತಾರೆ. ಸಾಹಿತ್ಯದ ಅಧ್ಯಾಪಕರು ಇಲ್ಲಿ ವಿಶೇಷವಾಗಿ ಎಚ್ಚರದಿಂದಿರಬೇಕು. ಧ್ವನಿಸಿದ್ಧಾಂತದಲ್ಲಿ ಅನುರಣನವೆಂದರೆ ಗಂಟೆಯನ್ನು ಹೊಡೆದ ಮೇಲೆ ಕೇಳುವ ನಾದ. ವಾಚ್ಯಾರ್ಥ ಮೊದಲು, ವ್ಯಂಗ್ಯಾರ್ಥ ಆಮೇಲೆ, ನಡುವಣ ಕ್ರಮವು ಗೋಚರ. ರಸಾಯನದ ಅನುರಣನದಲ್ಲಿಯಾದರೋ ಕ್ರಮವೇ ಇಲ್ಲ, ಕಾಲವೇ ಇಲ್ಲ. ಎರಡು ಷಟ್ಕೋನಗಳ ನಡುವೆ ಬರೆಯುವ ಎರಡು ತುದಿಯ ಬಾಣವು ಹೋಗಿಬರುವುದನ್ನು ಸೂಚಿಸುವುದಿಲ್ಲ. ಎರಡು ಚಿತ್ರಗಳೂ ಅಪೂರ್ಣ, ಎರಡನ್ನೂ ಸೇರಿಸಿ ಒಂದನ್ನೇ ಗ್ರಹಿಸು ಎಂಬುದಷ್ಟೇ ಅದರ ತಾತ್ಪರ್ಯ. ನರಸಿಂಹನು ಕ್ಷಣಕಾಲ ನರ, ಮರುಕ್ಷಣ ಸಿಂಹ ಆಗುತ್ತಿದ್ದವನಲ್ಲ. ಕಂಬದಿಂದ ಬಂದದ್ದು ಒಂದೇ ರೂಪ.

ಈ ಹೋಲಿಕೆಯೂ ಪೂರ್ಣವಲ್ಲ. ಏಕೆಂದರೆ ನರನೂ ಸಿಂಹನೂ ಲೋಕದಲ್ಲಿ ಉಂಟು. ಷಟ್ಕೋನದ ಆ ಎರಡು ರೂಪಗಳಾದರೋ ಎಲ್ಲಿಯೂ ಇಲ್ಲ. ಇದಕ್ಕೆ ಅಮೆರಿಕದ ಜಾನ್ ರಾಬರ್ಟ್ಸರ ಹೆಸರಿನಲ್ಲಿ ಪ್ರಸಿದ್ಧವಾದ ಒಂದು ದೃಷ್ಟಾಂತವುಂಟು. ಘೇಂಡಾಮೃಗವನ್ನು ಕಂಡು ಬಂದ ಪ್ರಾಚೀನ ಪ್ರವಾಸಿಯೊಬ್ಬನು ತನ್ನ ಊರಿನವರಿಗೆ ಅದನ್ನು ಬೆಂಕಿಯುಗುಳುವ ಘಟಸರ್ಪಕ್ಕೂ ಒಂಟಿಕೊಂಬಿನ ಕುದುರೆಗೂ ನಡುವಣ ಪ್ರಾಣಿಯೆಂದು ವರ್ಣಿಸಿದನಂತೆ. ಆ ಎರಡೂ ಕಲ್ಪಿತ; ಘೇಂಡಾಮೃಗ ಮಾತ್ರ ಸತ್ಯ. ದಂಡಿಯು ಉಪಮೆಯ ಭೇದಗಳಲ್ಲಿ ಅಭೂತೋಪಮೆಯನ್ನು ಹೇಳಿದ್ದಾನೆ. ಲೋಕದಲ್ಲಿಲ್ಲದ ಉಪಮಾನದಿಂದ ಇರುವ ಉಪಮೇಯವನ್ನು ತಿಳಿಸುವುದು ಅದರ ಸ್ವರೂಪ. ಬೆಂಜೀನಿನ ಚಿತ್ರವನ್ನು ಅಭೂತೋಪಮೆಯಾಗಿ ಓದಿದವನಿಗೆ ಗೊಂದಲವಿಲ್ಲ; ಸ್ವಭಾವೋಕ್ತಿಯಾಗಿ ಓದಿದವನಿಗೆ ಗೊಂದಲ ತಪ್ಪಿದ್ದಲ್ಲ.

ಇದು ಕೇವಲ ಪಾಠಶಾಲೆಯ ಗೊಂದಲವೆಂದು ಎಣಿಸಬಾರದು. ೧೯೫೧ರಲ್ಲಿ ಮಾಸ್ಕೋ ನಗರದಲ್ಲಿ ನಡೆದ ಸಮ್ಮೇಳನವೊಂದರಲ್ಲಿ ಅನುರಣನವಾದವನ್ನು ಭಾವನಾವಾದವೆಂದು ಖಂಡಿಸಲಾಯಿತು. ಇಲ್ಲದ ರಚನೆಗಳನ್ನು ಇರುವಂತೆ ಹೇಳುತ್ತದೆಂಬುದು ಅದರ ಮೇಲಿನ ಮುಖ್ಯ ಆರೋಪ. ಆ ವಾದವನ್ನು ಬೋಧಿಸಿದ ಶಾಸ್ತ್ರಜ್ಞರು ಬಹಿರಂಗವಾಗಿ ನಿಂದೆಗೆ ಗುರಿಯಾದರು. ರಾಜಕೀಯದ ಒತ್ತಾಯವು ಇದರಲ್ಲಿ ಬಹಳವಿತ್ತು, ನಿಜ. ಆದರೆ ಆ ಒತ್ತಾಯಕ್ಕೆ ಆಶ್ರಯವಾದದ್ದು ಒಂದು ಅಲಂಕಾರವನ್ನು ವಾಚ್ಯವಾಗಿ ಓದಿದ ದೋಷ.

೫

ಮೇಲಣ ವಿವೇಚನೆಯಿಂದ ನಾವು ಶಾಸ್ತ್ರಜ್ಞರ ಶಬ್ದವನ್ನೂ ಕಥೆಯನ್ನೂ ಚಿತ್ರವನ್ನೂ ತ್ಯಜಿಸಬೇಕೆಂದು ಹೇಳಿದಂತಾಗಲಿಲ್ಲ. ಅವುಗಳಿಲ್ಲದೆ ಶಾಸ್ತ್ರವು ಒಂದು ಹೆಜ್ಜೆಯನ್ನೂ ಇಡಲಾರದು. ಷಟ್ಕೋನದೊಳಗೆ ಒಂದು ವೃತ್ತವನ್ನು ಬರೆಯುವ ಪದ್ಧತಿಯೂ ೧೯೨೫ರಿಂದ ಉಂಟು. ಅದು ಸಮಾನತೆಯನ್ನು ಚೆನ್ನಾಗಿ ತೋರಿಸುತ್ತದೆ, ಆದರೆ ಎಲೆಕ್ಟ್ರಾನುಗಳನ್ನು ಎಣಿಸಲು ಬಿಡುವುದಿಲ್ಲ. ಪ್ರತಿಯೊಂದು ಚಿಹ್ನೆಯೂ ಒಂದನ್ನು ಬೆಳಗಿಸಿ ಇನ್ನೊಂದನ್ನು ಮರೆಮಾಡುತ್ತದೆ. ಯಾವುದು ಯಾವುದನ್ನು ಮರೆಮಾಡುತ್ತದೆಂಬುದನ್ನು ತಿಳಿದು ಬಳಸುವುದೇ ಪಾಂಡಿತ್ಯ.

೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಪತ್ರಿಕೆಯನ್ನು ಹೊರಡಿಸಿದಂದಿನಿಂದ ಕನ್ನಡದಲ್ಲಿ ಪರಿಭಾಷೆಯ ಚರ್ಚೆ ನಡೆದುಬಂದಿದೆ. ಆ ಚರ್ಚೆಯು ಸಂಸ್ಕೃತವೋ ಇಂಗ್ಲಿಷೋ ಅಚ್ಚಗನ್ನಡವೋ ಎಂಬ ಕವಲಿನಲ್ಲಿಯೇ ಬಹುವಾಗಿ ನಿಲ್ಲುತ್ತದೆ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಮೂಲದಲ್ಲಿ ಆ ಶಬ್ದವು ಯೌಗಿಕವೋ ರೂಢವೋ? ಅವಯವಾರ್ಥವು ಇನ್ನೂ ಕೆಲಸ ಮಾಡುತ್ತಿದ್ದರೆ ಧಾರಾಳವಾಗಿ ಭಾಷಾಂತರಿಸಬಹುದು; ದ್ವಿಬಂಧ, ಸಮಾಂಗಿ ಎಂಬ ಮಾತುಗಳು ಅರ್ಥವನ್ನು ಕೈಗೆ ಕೊಡುತ್ತವೆ. ಅವಯವಾರ್ಥವು ಸತ್ತಿದ್ದರೆ ಶಬ್ದವನ್ನು ಇದ್ದಂತೆಯೇ ತೆಗೆದುಕೊಳ್ಳುವುದು ಕ್ಷೇಮ. ‘ಆರೊಮ್ಯಾಟಿಕ್’ ಎಂಬುದು ಕನ್ನಡದ ಕಿವಿಗೆ ಯಾವ ಪರಿಮಳವನ್ನೂ ತಾರದಿರುವುದು ಅದರ ದೋಷವಲ್ಲ, ಗುಣ. ಅನುರಣನವೆಂಬ ಮಾತು ಈಗಾಗಲೇ ನೆಲೆಯೂರಿರುವುದರಿಂದ ಅದನ್ನು ಕಿತ್ತುಹಾಕಬೇಕಾಗಿಲ್ಲ; ಇಲ್ಲಿ ಗಂಟೆಯಿಲ್ಲ, ನಾದದ ಕ್ರಮವಿಲ್ಲ ಎಂಬ ಒಂದು ವಾಕ್ಯವನ್ನು ಅಧ್ಯಾಪಕರು ಸೇರಿಸಿ ಹೇಳಿದರೆ ಸಾಕು.

ಸಾಹಿತ್ಯವನ್ನು ಓದಿಸುವವರ ಸಹಾಯವು ಶಾಸ್ತ್ರವನ್ನು ಓದಿಸುವವರಿಗೆ ಬೇಕಾದದ್ದು ಇಂಥ ಎಡೆಯಲ್ಲಿ. ಅಭಿಧೆ, ಲಕ್ಷಣೆ, ಉಪಮೆಗಳ ವಿವೇಕವನ್ನು ನಾವು ಕಾವ್ಯಕ್ಕಾಗಿ ಮಾತ್ರ ಮೀಸಲಿಟ್ಟುಕೊಂಡಿದ್ದೇವೆ. ಪಕ್ಕದ ಕೊಠಡಿಯಲ್ಲಿ ಷಟ್ಕೋನವನ್ನು ಬರೆದುಕೊಳ್ಳುತ್ತಿರುವ ವಿದ್ಯಾರ್ಥಿಗೂ ಅದರ ಅವಶ್ಯಕತೆಯುಂಟು. ಅವನು ನೋಡುತ್ತಿರುವುದು ಬೆಂಜೀನನ್ನಲ್ಲ, ಬೆಂಜೀನನ್ನು ಕುರಿತ ಒಂದು ಉಕ್ತಿಯನ್ನು ಎಂದು ಅವನಿಗೆ ತಿಳಿಸಿಕೊಟ್ಟರೆ ಆ ಅಧ್ಯಾಯದ ಅರ್ಧ ಭಾರ ಇಳಿದಂತೆಯೇ.